ಬೋಡಿಯಿಂದ ಬಂದ ಮೊಳೆ

ಈ ಕಡೆ ತಲೆ ಹಾಕಿ ಒಂದೂವರೆ ವರ್ಷದ ಮೇಲಾಯ್ತು. ನಿನ್ನೆ ರಾತ್ರಿ ಲಾಗಿನ್ ಆಗೋಕೆ ಪಾಸ್‌ವರ್ಡೇ ನೆನಪಾಗಲಿಲ್ಲ. ಪಕ್ಕದ ಪಟ್ಟಿಯಲ್ಲಿರೋ ನಿಮ್ಮೆಲ್ಲರ ಮನೆ ಬಾಗಿಲನ್ನೂ ಒಂದೊಂದಾಗಿ ತಟ್ಟಿ ಬಂದೆ. ಅರ್ಧಕ್ಕರ್ಧ ಬೀಗ. ಕೆಲವರ ಕೊನೆಯ ಬರಹ 2011ರದ್ದು, 'ಮುಂದುವರೆಯುವುದು' ಅಂತ ಬರೆದು ಹೋದವರು ಇನ್ನೂ ಮುಂದುವರೆದಿಲ್ಲ. (ನೀವೇ ಕಣ್ರೀ, ಮಲೆನಾಡಿನ ಮಳೆ ಕಥೆ ಅರ್ಧಕ್ಕೆ ಬಿಟ್ಟವರು! ಆ ಹುಡುಗಿ ಕೊನೆಗೆ ಬಸ್ಸು ಹತ್ತಿದಳೋ ಇಲ್ಲವೋ ಹೇಳಿಬಿಡಿ.) ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇವತ್ತು ಬರೆಯೋಕೆ ಹೊರಟಿರೋದು ಪಾಳು ಬಿದ್ದ ಊರುಗಳ ಬಗ್ಗೆ. :)

ಹೋದ ತಿಂಗಳು ಉದ್ದದ ವಾರಾಂತ್ಯ ಸಿಕ್ಕಿತ್ತು. ನಾವು ಮೂರು ಜನ, ಗೆಳೆಯನ ಮನೆಯವರು ನಾಲ್ಕು ಜನ, ಒಂದು ಬಾಡಿಗೆ ವ್ಯಾನು. ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ಸಿಯೆರಾ ಬೆಟ್ಟಸಾಲಿನ ಆಚೆ ಬದಿಯಲ್ಲಿ ಮೊನೊ ಕೌಂಟಿ ಅಂತ ಇದೆ. ಮೂರು ಸಾವಿರ ಚದರ ಮೈಲಿಗೂ ಮಿಕ್ಕಿದ ವಿಸ್ತಾರ, 2020ರ ಜನಗಣತಿಯಲ್ಲಿ ಸಿಕ್ಕ ಜನ ಹದಿಮೂರು ಸಾವಿರ ಚಿಲ್ಲರೆ. ನಮ್ಮ ಕಡೆ ಒಂದು ದೊಡ್ಡ ಜಾತ್ರೆಗೆ ಇದಕ್ಕಿಂತ ಹೆಚ್ಚು ಜನ ಸೇರ್ತಾರೆ. ಅಲ್ಲಿಗೆ ಹೆಚ್ಚಿನವರು ಹೋಗೋದು ಮ್ಯಾಮತ್ ಲೇಕ್ಸ್‌ನಲ್ಲಿ ಹಿಮದ ಮೇಲೆ ಜಾರೋದಕ್ಕೆ. ನಾವು ಹೋಗಿದ್ದು ಬೋಡಿ ನೋಡೋಕೆ. ಚಿನ್ನದ ಗಣಿ ಇದ್ದ ಊರು, ಈಗ ಅಲ್ಲಿ ಕೆಲಸದ ಮೇಲಿರೋ ಪಾರ್ಕಿನವರನ್ನು ಬಿಟ್ಟರೆ ಯಾರೂ ಇಲ್ಲ.

ಯೊಸೆಮಿಟಿಯ ಒಳಗಿಂದ ಟಿಯೋಗಾ ಘಾಟಿ ಹತ್ತಿ ಹೋದ್ವಿ. ಸುಮಾರು 9,900 ಅಡಿ ಎತ್ತರ, ಬೇಸಿಗೆಯ ಕೆಲವು ತಿಂಗಳು ಮಾತ್ರ ತೆರೆದಿರೋ ರಸ್ತೆ. ಈ ಕಡೆಯವರೆಲ್ಲ ಒಂದಲ್ಲ ಒಂದು ಸಲ ಈ ದಾರೀಲಿ ಹೋಗಿ ಬಂದು ಫೋಟೋ ಹಾಕಿರ್ತೀರಿ. ಆದರೆ ಆ ರಸ್ತೆ ಯಾಕೆ ಹುಟ್ಟಿತು ಅಂತ ನನಗೆ ಈ ಸಲ ಹೋಗೋವರೆಗೂ ಗೊತ್ತಿರಲಿಲ್ಲ. ಘಾಟಿಯ ನೆತ್ತಿಯ ಹತ್ತಿರ ಬೆನೆಟ್‌ವಿಲ್ ಅಂತ ಒಂದು ಊರಿತ್ತು. ಅಲ್ಲಿ ಬೆಳ್ಳಿ ಇದೆ ಅಂತ ಒಂದು ಕಂಪನಿ ಸುರಂಗ ಕೊರೆಯೋಕೆ ಶುರು ಮಾಡಿತು. 1882ರಲ್ಲಿ, ಇನ್ನೂ ಹಿಮ ಕರಗುವ ಮೊದಲೇ, ಎಂಟು ಟನ್ ತೂಕದ ಯಂತ್ರಗಳನ್ನು ಜಾರುಬಂಡಿಗಳ ಮೇಲಿಟ್ಟು ಬೆಟ್ಟದ ಮೇಲಕ್ಕೆ ಎಳೆದರು. ಮರುವರ್ಷ, 1883ರಲ್ಲಿ, ಪಶ್ಚಿಮದ ಕಡೆಯಿಂದ 56 ಮೈಲಿ ಗಾಡಿ ರಸ್ತೆಯನ್ನೇ ಮಾಡಿದರು. ಕೂಲಿಯವರಲ್ಲಿ ಬಹಳ ಜನ ಚೀನೀಯರು. ಒಂದೇ ಬೇಸಿಗೆಯ ಕೆಲಸ, ಖರ್ಚು ಅರವತ್ತು ಸಾವಿರ ಡಾಲರಿಗೂ ಮೇಲೆ. ಅದರ ಮಾರನೆ ವರ್ಷ ದುಡ್ಡು ಮುಗೀತು, ಗಣಿ ನಿಂತಿತು. ಸಿಕ್ಕ ಬೆಳ್ಳಿ ಎಷ್ಟು ಅಂತೀರಾ? ಮಾರೋಕೆ ಒಂದು ಗಾಡಿ ಅದಿರೂ ಹೊರಗೆ ಹೋಗಲಿಲ್ಲ. ಪಾಳು ಬಿದ್ದ ಆ ರಸ್ತೆಯನ್ನು 1915ರಲ್ಲಿ ಸ್ಟೀಫನ್ ಮೇದರ್ ಅನ್ನೋ ಮಹಾನುಭಾವ, ಮುಂದೆ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಮೊದಲ ನಿರ್ದೇಶಕ ಆದವನು, ತನ್ನ ಕೈಯಿಂದಲೂ ಗೆಳೆಯರಿಂದಲೂ ದುಡ್ಡು ಹಾಕಿ ಕೊಂಡು ಸರ್ಕಾರಕ್ಕೆ ದಾನ ಕೊಟ್ಟ. ಬೆಳ್ಳಿ ಬರಲಿಲ್ಲ, ರಸ್ತೆ ಉಳೀತು. ನಾವು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದು ಅದೇ ರಸ್ತೆಯ ಪಕ್ಕದಲ್ಲಿ.

ಚಿತ್ರಾನ್ನ ತಿನ್ನೋವಾಗಲೇ ಗೆಳೆಯ ಅಂದ. "ಅಲ್ಲ ಮಾರಾಯ, ನಿಮ್ಮೂರೂ ಈಗ ಘೋಸ್ಟ್ ಟೌನ್ ಅಲ್ವಾ? ನಿನಗೆ ಇದೆಲ್ಲ ನೋಡೋದೇನಿದೆ?"

ನಮ್ಮೂರು ಅಂದ್ರೆ ಕೆಜಿಎಫ್. ಸಿನಿಮಾ ಅಲ್ಲ, ಊರು. 2018ರಿಂದ ಈಚೆಗೆ ಇದನ್ನ ಬಿಡಿಸಿ ಹೇಳಬೇಕಾದ ಕರ್ಮ ಬಂದಿದೆ.

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಂಗಳೂರಿನ ಕಡೆಯವನು, ಯಾವತ್ತೂ ಬಂಗಾರಪೇಟೆ ದಾಟಿ ಬಂದವನಲ್ಲ. ಆದರೆ ನನಗೆ ತುತ್ತು ಗಂಟಲಲ್ಲಿ ನಿಂತ ಹಾಗಾಯ್ತು. ಸಿಟ್ಟು ಬಂದಿದ್ದು ಅವನ ಮೇಲಲ್ಲ. ಆಫೀಸಿನಲ್ಲಿ ನಾನೇ ಎಷ್ಟು ಸಲ ಹೇಳಿಲ್ಲ, 'ನಾನು ಹುಟ್ಟಿದ್ದು ಒಂದು ಘೋಸ್ಟ್ ಟೌನಿನಲ್ಲಿ' ಅಂತ! ಇಲ್ಲಿಯವರಿಗೆ ಆ ಪದ ಕೇಳಿದ ಕೂಡಲೇ ಕಣ್ಣು ಅರಳುತ್ತೆ, ಮಾತು ಮುಂದುವರಿಯುತ್ತೆ. ಅದನ್ನು ಹೇಳೋ ಹೊತ್ತಿಗೆಲ್ಲ ನಮ್ಮಪ್ಪ ಅದೇ ಊರಿನಲ್ಲಿ ಬೆಳಿಗ್ಗೆ ಎದ್ದು ಹಾಲು ತರೋಕೆ ಹೋಗ್ತಿರ್ತಾರೆ.

ಸರಿ, ಬೋಡಿಗೆ ಬರೋಣ. ಘಾಟಿ ಇಳಿದರೆ ಲೀ ವೈನಿಂಗ್ ಊರು, ಎದುರಿಗೆ ಮೊನೊ ಕೆರೆ. ಕೆರೆ ಅಂದರೆ ನೀರು ಕುಡಿಯೋ ಹಾಗಿಲ್ಲ, ಸಮುದ್ರಕ್ಕಿಂತ ಉಪ್ಪು. (ಲೀ ವೈನಿಂಗ್ ಅನ್ನೋದು ಚಿನ್ನ ಹುಡುಕೋಕೆ ಬಂದು ಮರ ಕೊಯ್ಯೋ ಗಿರಣಿ ಇಟ್ಟ ಒಬ್ಬ ಮನುಷ್ಯನ ಹೆಸರು. ಪಾಪ, ತನ್ನದೇ ಪಿಸ್ತೂಲಿನ ಗುಂಡು ತಗುಲಿ ಸತ್ತನಂತೆ.) ಅಲ್ಲಿಂದ 395ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಒಂದು ದಿಬ್ಬ ಹತ್ತಿ ಇಳಿದ ಮೇಲೆ ಡಾಗ್‌ಟೌನ್ ಅಂತ ಒಂದು ಕಲ್ಲಿನ ಗುರುತು. ಈ ಸೀಮೆಯಲ್ಲಿ ಮೊದಲು ಚಿನ್ನದ ಗದ್ದಲ ಎದ್ದಿದ್ದು ಅಲ್ಲೇ, 1857ರಲ್ಲಿ. ಎರಡು ವರ್ಷಕ್ಕೆ ಹತ್ತಿರದಲ್ಲೇ ಮೊನೊವಿಲ್‌ನಲ್ಲಿ ಹೊಸ ಚಿನ್ನ ಸಿಕ್ಕಿತು, ಜನ ಅಲ್ಲಿಗೆ ಓಡಿದರು. ಆಮೇಲೆ ಅರೋರಾ, ಆಮೇಲೆ ಬೋಡಿ, ಆಮೇಲೆ ಮ್ಯಾಮತ್ ಸಿಟಿ, ಲಂಡಿ. ಡಾಗ್‌ಟೌನಿನಲ್ಲಿ ಈಗ ನೋಡೋಕೆ ಅಂತ ಏನೂ ಇಲ್ಲ. ವ್ಯಾನು ನಿಲ್ಲಿಸದೆ ಹೋದ್ವಿ.

ಹೆದ್ದಾರಿಯಿಂದ ಬಲಕ್ಕೆ ತಿರುಗಿ ಹದಿಮೂರು ಮೈಲಿ. ಕೊನೆಯ ಮೂರು ಮೈಲಿ ಮಣ್ಣಿನ ರಸ್ತೆ, ಹಲ್ಲು ಕಟಕಟ ಅನ್ನೋ ಹಾಗೆ. ಗಿಡ ಮರ ಒಂದೂ ಇಲ್ಲ, ಬೂದು ಬಣ್ಣದ ಕುರುಚಲು ಬೆಳೆದ ಬೋಳು ಗುಡ್ಡಗಳು. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಊರು ಕಾಣಿಸ್ತು. ಕಂದು ಬಣ್ಣದ ಹಲಗೆ ಮನೆಗಳು ಅಲ್ಲೊಂದು ಇಲ್ಲೊಂದು, ಆಚೆ ಗುಡ್ಡದ ಬುಡದಲ್ಲಿ ಬೂದು ತಗಡಿನ ದೊಡ್ಡ ಮಿಲ್ಲು, ಅದರ ಹಿಂದೆ ಅಗೆದು ಸುರಿದ ಮಣ್ಣಿನ ರಾಶಿ. ಆ ರಾಶಿ ನೋಡಿದ ತಕ್ಷಣ ಎದೆ ಒಂದು ಸಲ ಧಸಕ್ ಅಂತು. ನಮ್ಮೂರ ಸೈನೈಡ್ ದಿಬ್ಬ ನೋಡಿ ಬೆಳೆದವರಿಗೆ ಇಂಥಾ ರಾಶಿಯನ್ನ ಯಾವ ದೇಶದಲ್ಲಿದ್ದರೂ ಗುರುತು ಹಿಡಿಯೋಕೆ ಆಗುತ್ತೆ. ನಮ್ಮದರ ಮುಂದೆ ಇದು ಮರಿ, ಆ ಮಾತು ಬೇರೆ.

ಊರಿಗೆ ಹೆಸರು ಕೊಟ್ಟ ಬೋಡಿ ಅನ್ನೋ ಮನುಷ್ಯ ನ್ಯೂಯಾರ್ಕ್ ಕಡೆಯವನು, ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿದ್ದ. 1859ರಲ್ಲಿ ಇಲ್ಲಿ ಚಿನ್ನ ಕಂಡುಹಿಡಿದ. ಅದೇ ಚಳಿಗಾಲ ಮೊನೊವಿಲ್‌ನಿಂದ ದಿನಸಿ ತರುವಾಗ ಹಿಮದ ಬಿರುಗಾಳಿಗೆ ಸಿಕ್ಕಿ ಸತ್ತ. ಹೆಸರಿನ ಅಕ್ಷರವನ್ನೂ ಆಮೇಲೆ ಬಂದವರು ಬದಲಾಯಿಸಿಬಿಟ್ಟರು. ಹದಿನೇಳು ವರ್ಷ ಊರು ಹೀಗೇ ತೆವಳಿತು. 1876ರಲ್ಲಿ ಒಳ್ಳೆಯ ಅದಿರಿನ ಪದರು ಸಿಕ್ಕಿತು ನೋಡಿ, ಮುಂದಿನ ನಾಲ್ಕೇ ವರ್ಷದಲ್ಲಿ ಸಾವಿರಾರು ಜನ. ಹತ್ತು ಸಾವಿರ ಇದ್ದರು ಅಂತ ಹೇಳೋರು ಇದ್ದಾರೆ. 1880ರ ಜನಗಣತಿಯ ಲೆಕ್ಕ ಐದು ಸಾವಿರದ ಮೇಲೆ. ಸಮುದ್ರಮಟ್ಟದಿಂದ 8,375 ಅಡಿ ಎತ್ತರದಲ್ಲಿ, ಇಪ್ಪತ್ತಡಿ ಹಿಮ ಬೀಳೋ ಜಾಗದಲ್ಲಿ! ಮುಖ್ಯ ಬೀದಿಯಲ್ಲಿ ಅರವತ್ತೈದು ಸಲೂನುಗಳಿದ್ದವು ಅಂತ ಬೋರ್ಡು ನೋಡಿ ನನ್ನವಳು, "ಅಷ್ಟೊಂದು ಜನ ಕಟಿಂಗ್ ಮಾಡಿಸ್ಕೊತಿದ್ರಾ?" ಅಂತ ಕೇಳಿದಳು. ಇವು ಹೆಂಡದಂಗಡಿಗಳು ಅಂತ ಬಿಡಿಸಿ ಹೇಳಿದೆ. ಬಡಿದಾಟ, ಗುಂಡು, ಕೊಲೆ, ಎಲ್ಲ ದಿನದ ವ್ಯವಹಾರ. ಬೋಡಿಗೆ ಮನೆ ಬದಲಾಯಿಸೋಕೆ ಹೊರಟ ಕುಟುಂಬದ ಪುಟ್ಟ ಹುಡುಗಿ ರಾತ್ರಿ ಪ್ರಾರ್ಥನೆ ಮಾಡುವಾಗ ದೇವರಿಗೆ ಕೊನೆಯ ನಮಸ್ಕಾರ ಹೇಳಿಬಿಟ್ಟಳು ಅಂತ ಒಂದು ಕಥೆ ಇದೆ. ಬೋಡಿಗೆ ಹೋದ ಮೇಲೆ ದೇವರ ಸಹವಾಸ ಎಲ್ಲಿಂದ ಬಂತು, ಅಂತ.

1882ರ ಹೊತ್ತಿಗೆ ಜನ ಇಳಿಯೋಕೆ ಶುರು. ಗಣಿ ಪೂರ್ತಿ ನಿಲ್ಲಲಿಲ್ಲ, ಕುಂಟುತ್ತಾ ಕುಂಟುತ್ತಾ 1942ರವರೆಗೂ ನಡೀತು. ಯುದ್ಧದ ಕಾಲ, ಚಿನ್ನದ ಗಣಿಗಳನ್ನು ಮುಚ್ಚಿ ಅಂತ ಸರ್ಕಾರ ಆಜ್ಞೆ ಹೊರಡಿಸಿತು. ಅದೇ ವರ್ಷ ಪೋಸ್ಟ್ ಆಫೀಸೂ ಮುಚ್ಚಿತು. ಇಷ್ಟರೊಳಗೆ 1892ರಲ್ಲಿ ಒಂದು ಬೆಂಕಿ, 1932ರಲ್ಲಿ ಇನ್ನೊಂದು. ಎರಡನೆಯದು ಒಬ್ಬ ಎರಡೂವರೆ ವರ್ಷದ ಪೋರ ಕಡ್ಡಿ ಗೀರಿ ಆಡಿದ್ದರಿಂದ ಹತ್ತಿದ್ದಂತೆ. ಸುಮಾರು ಎರಡು ಸಾವಿರ ಕಟ್ಟಡಗಳಿದ್ದ ಊರಲ್ಲಿ ನೂರಕ್ಕೆ ಸ್ವಲ್ಪ ಮೇಲೆ ಉಳಿದವು. 1962ರಲ್ಲಿ ರಾಜ್ಯದ ಪಾರ್ಕು ಆಯಿತು.

ಇಲ್ಲಿಯ ಸ್ವಾರಸ್ಯ ಇರೋದು ಅವರು ಅದನ್ನ ಇಟ್ಟುಕೊಂಡಿರೋ ರೀತಿಯಲ್ಲಿ. ಬಣ್ಣ ಬಳಿದು ಹೊಸದು ಮಾಡಿಲ್ಲ, ಹಾಗಂತ ಬಿದ್ದು ಹೋಗೋಕೂ ಬಿಟ್ಟಿಲ್ಲ. ಕೊಳೆತ ಸ್ಥಿತಿಯಲ್ಲೇ ತಡೆದು ನಿಲ್ಲಿಸೋದು. ಸೂರು ಸೋರದ ಹಾಗೆ, ಕಿಟಕಿ ಗಾಜು ಒಡೆಯದ ಹಾಗೆ, ತಳಪಾಯ ಕುಸಿಯದ ಹಾಗೆ ನೋಡ್ಕೊತಾರೆ, ಅಷ್ಟೆ. ವಾಲಿಕೊಂಡಿರೋ ಹೋಟೆಲಿಗೆ ಪಕ್ಕದಲ್ಲಿ ಮರದ ಊರುಗೋಲು ಕೊಟ್ಟು ವಾಲಿಸಿಯೇ ಇಟ್ಟಿದ್ದಾರೆ. ಹೆಚ್ಚಿನ ಮನೆಗಳ ಒಳಗೆ ಬಿಡಲ್ಲ. ಕಿಟಕಿ ಗಾಜಿಗೆ ಹಣೆ ಒತ್ತಿ, ಕಣ್ಣಿನ ಎರಡೂ ಬದಿ ಕೈ ಅಡ್ಡ ಇಟ್ಟು ನೋಡಬೇಕು. ಅಂಗಡಿಯ ಕಪಾಟಿನಲ್ಲಿ ಡಬ್ಬಿಗಳು ಜೋಡಿಸಿದ ಹಾಗೇ ಇವೆ. ಶಾಲೆಯಲ್ಲಿ ಬೆಂಚು, ಪುಸ್ತಕ, ಭೂಗೋಳ. ಒಂದು ಮನೆಯಲ್ಲಿ ಮೇಜಿನ ಮೇಲೆ ತಟ್ಟೆ, ಕೆಟಲ್ಲು, ಗೋಡೆಯಿಂದ ಸುಲಿದು ಜೋತು ಬಿದ್ದಿರೋ ಹೂವಿನ ಕಾಗದ. ಎಲ್ಲದರ ಮೇಲೂ ಧೂಳು. ಧೂಳನ್ನೂ ಒರೆಸೋದಿಲ್ಲವಂತೆ. ಹಾಗೇ ಇರಲಿ ಅಂತ.

ನಾನು ಆ ಕಿಟಕಿಯ ಹತ್ತಿರ ತುಂಬಾ ಹೊತ್ತು ನಿಂತುಬಿಟ್ಟೆ. ಗೆಳೆಯನ ಮಕ್ಕಳು ಎರಡು ಸಲ ಬಂದು ಎಳೆದರು.

ಚಾಂಪಿಯನ್ ರೀಫ್ಸ್‌ನಲ್ಲಿ ನಾನು ಹುಟ್ಟಿ ಬೆಳೆದ ಕ್ವಾರ್ಟರ್ಸಿಗೆ ಈಗ ಸೂರಿಲ್ಲ. ಜನ ಬಿಟ್ಟು ಹೋದ ಮೇಲೆ ಮೊದಲು ಬಾಗಿಲು ಹೋಯ್ತು, ಆಮೇಲೆ ಕಿಟಕಿ, ಆಮೇಲೆ ತಗಡು. ಯಾರು ತಗೊಂಡು ಹೋದರೋ ಏನೋ, ಯಾರಿಗೋ ಬೇಕಾಗಿತ್ತು, ತಗೊಂಡರು. ಕೊನೆಯ ಸಲ ನೋಡಿದಾಗ ಅಮ್ಮ ದೀಪ ಇಡ್ತಿದ್ದ ಗೂಡಿನೊಳಗೆ ಎಕ್ಕದ ಗಿಡ ಬೆಳೆದಿತ್ತು. ಇಲ್ಲಿ ನೋಡಿದ್ರೆ ಯಾವನೋ ಅನಾಮಿಕ ಗಣಿಗಾರನ ಕೆಟಲ್ಲಿಗೆ ಸರ್ಕಾರ ಕಾವಲು ಇದೆ.

ಹೊಟ್ಟೆಕಿಚ್ಚು ಆಯ್ತು. ಅದಕ್ಕೆ ಬೇರೆ ಪದ ಗೊತ್ತಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ, ಅದನ್ನ ಗೆಳೆಯನಿಗೆ ಅಲ್ಲೇ ಬೀದಿ ನಡುವೆ ನಿಂತು ಹೇಳಿದೆ (ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ನನ್ನವಳ ಆಪಾದನೆ). ಬೋಡಿಯಲ್ಲಿ ಚಿನ್ನ ಮುಗಿದಾಗ ಜನ ಮುಂದಿನ ಚಿನ್ನದ ಕಡೆ ಹೊರಟರು. ಹದಿನೈದು ಇಪ್ಪತ್ತು ವರ್ಷದ ಸಂಸಾರ ಅದು. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಬಂದಿದ್ದು 1880ರಲ್ಲಿ, ಅಂದರೆ ಬೋಡಿ ಉತ್ತುಂಗದಲ್ಲಿದ್ದ ಅದೇ ವರ್ಷ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನೂರ ಇಪ್ಪತ್ತು ವರ್ಷ, ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ. ಬೋಡಿಯ ಆಳದ ಶಾಫ್ಟು ಸಾವಿರದ ಇನ್ನೂರು ಅಡಿ ಆಸುಪಾಸು, ನಮ್ಮ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ನಾಲ್ಕೈದು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾಗಿವೆ. ಅವರು ಎಲ್ಲಿಗೆ ಹೋಗ್ತಾರೆ? ಹೋಗಲಿಲ್ಲ. ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಊರಿಗೇ ವಾಪಸ್ ಬರ್ತಾರೆ. ಮಾರಿಕುಪ್ಪಮ್ಮಿನಿಂದ ಹೊರಡೋ ಆ ರೈಲಲ್ಲಿ ಒಂದು ದಿನ ನಿಂತು ಬಂದರೆ ಗೊತ್ತಾಗುತ್ತೆ ದೆವ್ವದ ಊರೋ ಮನುಷ್ಯರ ಊರೋ ಅಂತ.

ಗೆಳೆಯ ಸುಮ್ಮನೆ ನೀರಿನ ಬಾಟಲಿ ಕೊಟ್ಟ. ಒಳ್ಳೆಯ ಮನುಷ್ಯ.

ಕರೆಂಟಿನ ವಿಷಯ ಹೇಳದೆ ಮುಂದೆ ಹೋದರೆ ಅಪ್ಪ ನನ್ನನ್ನು ಕ್ಷಮಿಸಲ್ಲ. ಬೋಡಿಯಲ್ಲಿ ಅದಿರು ಕುಟ್ಟೋ ಮಿಲ್ಲು ಉಗಿಯಿಂದ ನಡೀತಿತ್ತು, ಉಗಿಗೆ ಸೌದೆ ಬೇಕು, ಸುತ್ತ ಮರ ಇಲ್ಲ. 1881ರಲ್ಲಿ ಸೌದೆ ತರೋಕೆ ಅಂತಲೇ ಮೊನೊ ಕೆರೆಯ ಆಚೆ ದಡದ ಕಾಡಿನಿಂದ 32 ಮೈಲಿ ರೈಲು ಹಾಕಿದರು, ಹೊರಗಿನ ಯಾವ ರೈಲಿಗೂ ಅದು ಸೇರಲೇ ಇಲ್ಲ. ಆದರೂ ಖರ್ಚು ಹೆಚ್ಚು. ಆಗ ಮಿಲ್ಲಿನವರು ಹದಿಮೂರು ಮೈಲಿ ದೂರದ ಗ್ರೀನ್ ಕ್ರೀಕ್ ಅನ್ನೋ ತೊರೆಯ ಹತ್ತಿರ ವಿದ್ಯುತ್ ತಯಾರಿಸಿ 1892-93ರ ಚಳಿಗಾಲದಲ್ಲಿ ತಂತಿ ಮೇಲೆ ತಂದು ಮಿಲ್ಲು ಓಡಿಸಿದರು. ಅಷ್ಟು ದೂರದಿಂದ ಕರೆಂಟ್ ತಂದು ಯಂತ್ರ ಓಡಿಸಿದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು. ತಿರುವು ಬಂದರೆ ಕರೆಂಟು ತಂತಿ ಬಿಟ್ಟು ನೆಗೆದುಬಿಡುತ್ತೆ ಅಂತ ಹೆದರಿ ಲೈನನ್ನ ನೆಟ್ಟಗೆ ಎಳೆದಿದ್ದರು ಅಂತ ಒಂದು ತಮಾಷೆ ಕಥೆಯೂ ಇದೆ.

ಹತ್ತೇ ವರ್ಷಕ್ಕೆ, 1902ರ ಜೂನ್‌ನಲ್ಲಿ, ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು. 92 ಮೈಲಿ! ಆಗಿನ ಕಾಲಕ್ಕೆ ಜಗತ್ತಿನಲ್ಲೇ ಉದ್ದದ ಲೈನುಗಳಲ್ಲಿ ಒಂದು. ಸಾಮಾನು ಬಂದಿದ್ದು ಇದೇ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಅದಕ್ಕಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಒಂಬತ್ತು ತಿಂಗಳ ಹಿಂದೆ ತೀರಿಕೊಂಡಿದ್ದರು, ನೋಡಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ಕ್ಕೆ. ಅಂದರೆ ಬೆಂಗಳೂರಿಗಿಂತ ಮೂರು ವರ್ಷ ಮೊದಲು ನಮಗೆ. ಈ ಮಾತನ್ನ ಹೇಳದ ಕೆಜಿಎಫ್‌ನವರು ಇದ್ದರೆ ತೋರಿಸಿ, ಅವರು ನಮ್ಮೂರಿನವರೇ ಅಲ್ಲ. ಅಪ್ಪ ವೈಂಡಿಂಗ್ ಎಂಜಿನ್ ಓಡಿಸ್ತಿದ್ದವರು. ಗಂಟೆ ಎಷ್ಟು ಸಲ ಹೊಡೀತು ಅಂತ ಎಣಿಸಿ, ಆ ದೊಡ್ಡ ಡ್ರಮ್ಮು ತಿರುಗಿಸಿ, ಜನ ತುಂಬಿದ ಪಂಜರವನ್ನ ಕೆಳಗೆ ಇಳಿಸೋದು, ಮೇಲೆ ಎತ್ತೋದು. ಆ ಕರೆಂಟಿನ ಮೇಲೆ ಅವರ ಜೀವನ ನಡೆದಿದ್ದು.

ಎಲ್ಲಾ ಕಡೆಯೂ ಸುಂದರ ಕಥೆಗಳೇ ಇಲ್ಲ. ಬೋಡಿಯ ಕಿಂಗ್ ಸ್ಟ್ರೀಟ್‌ನಲ್ಲಿ ಕೆಲವು ನೂರು ಚೀನೀಯರಿದ್ದರು. ಬಟ್ಟೆ ಒಗೆಯೋದು, ತರಕಾರಿ, ಸೌದೆ ಮಾರೋದು. ಆ ಸೌದೆ ರೈಲು ಹಾಕುವಾಗ ಕೂಲಿಗೆ ಚೀನೀಯರನ್ನು ಇಟ್ಟುಕೊಂಡರು ಅಂತ ಬೋಡಿಯಿಂದ ಗುಂಪು ಕಟ್ಟಿಕೊಂಡು ಅವರನ್ನ ಹೊಡೆದು ಓಡಿಸೋಕೆ ಹೊರಟರು. ರೈಲಿನವರು ಸುದ್ದಿ ತಿಳಿದು ಕೂಲಿಗಳನ್ನೆಲ್ಲ ದೋಣಿಯಲ್ಲಿ ಮೊನೊ ಕೆರೆಯ ನಡುವಿನ ಪಾಓಹಾ ದ್ವೀಪಕ್ಕೆ ಸಾಗಿಸಿಬಿಟ್ಟರು. ಗುಂಪು ದಡದವರೆಗೆ ಬಂದು ವಾಪಸ್ ಹೋಯ್ತು. ಇದಕ್ಕೂ ಮೊದಲಿನಿಂದ ಅಲ್ಲಿದ್ದವರು ಪೈಯೂಟ್ ಜನ. ಅವರು ಚಳಿಗಾಲಕ್ಕೆ ಬೀಜ ಕೂಡಿಡ್ತಿದ್ದ ಪಿನ್ಯನ್ ಮರಗಳನ್ನು ಕಡಿದು ಗಣಿಗಳ ಒಲೆಗೆ ಹಾಕಿದ್ದು. ಬೋಡಿಯ ಕಿಟಕಿಗಳಲ್ಲಿ ಇವರ ಸಾಮಾನು ನನಗೆ ಕಾಣಲಿಲ್ಲ. ಕಿಂಗ್ ಸ್ಟ್ರೀಟ್ ಇದ್ದ ಜಾಗದಲ್ಲಿ ಬರೀ ಕುರುಚಲು.

ಪಾರ್ಕಿನ ಸಿಬ್ಬಂದಿಯೊಬ್ಬರು ಅರೋರಾ ಕಥೆ ಹೇಳಿದರು. ಅದನ್ನ ಕೇಳಿ ಗಡಿನಾಡಿನವನಾದ ನನಗೆ ಬಹಳ ಖುಷಿಯಾಯ್ತು. ಬೋಡಿಯಿಂದ ಕೆಲವೇ ಮೈಲಿ ದೂರದ ಊರು. 1861ರಲ್ಲಿ ಮೊನೊ ಕೌಂಟಿ ಆದಾಗ ಅರೋರಾನೇ ಅದರ ಮುಖ್ಯ ಪಟ್ಟಣ. ಅದೇ ವರ್ಷ ನೆವಾಡದವರು ತಮ್ಮ ಎಸ್ಮರಾಲ್ಡ ಕೌಂಟಿಗೂ ಅರೋರಾನೇ ಮುಖ್ಯ ಪಟ್ಟಣ ಅಂತ ಸಾರಿದರು. ಗಡಿ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡು ಕೋರ್ಟು, ಎರಡು ಕಡೆಯ ಅಧಿಕಾರಿಗಳು. 1863ರ ಚುನಾವಣೆಯಲ್ಲಿ ಜನ ಎರಡೂ ಕಡೆ ಓಟು ಹಾಕಿ ಬಂದರು! ಆಮೇಲೆ ಅಳತೆ ಮಾಡಿದರೆ ಊರು ನೆವಾಡದೊಳಕ್ಕೆ ಮೂರು ನಾಲ್ಕು ಮೈಲಿ. ಕ್ಯಾಲಿಫೋರ್ನಿಯಾದ ಅಧಿಕಾರಿಗಳು ಗಂಟುಮೂಟೆ ಕಟ್ಟಿ ಕೊನೆಗೆ ಬ್ರಿಜ್‌ಪೋರ್ಟ್‌ನಲ್ಲಿ ನೆಲೆಸಿದರು. ಮಾರ್ಕ್ ಟ್ವೈನ್ 1862ರಲ್ಲಿ ಅರೋರಾದಲ್ಲಿ ಗಣಿ ಅಗೆದು ಕೈ ಸುಟ್ಟುಕೊಂಡು ಪತ್ರಿಕೆಗೆ ಬರೆಯೋಕೆ ಹೋಗಿದ್ದು. ಅಲ್ಲಿ ಇಟ್ಟಿಗೆ ಮನೆಗಳಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟ್ಟಿಗೆಗೆ ಬೆಲೆ ಬಂತು, ಬಿಚ್ಚಿ ಲಾರಿಗೆ ತುಂಬಿಕೊಂಡು ಹೋದರು. ಈಗ ಅರೋರಾದಲ್ಲಿ ಹೆಚ್ಚೇನೂ ಉಳಿದಿಲ್ಲ. ಬೋಡಿಯಲ್ಲಿದ್ದದ್ದು ಹಳೇ ಹಲಗೆ, ಅದಕ್ಕೇ ಉಳೀತೇನೋ.

ಹೊರಡೋ ಮುಂಚೆ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋದ್ವಿ. ಅಲ್ಲಿ ಒಂದು ಬಿಳಿ ಕಲ್ಲಿನ ಪುಟ್ಟ ದೇವತೆ, ಎವಲಿನ್ ಅನ್ನೋ ಮೂರು ವರ್ಷದ ಮಗುವಿನದು, 1897. ಗಣಿಗಾರನೊಬ್ಬ ಗುದ್ದಲಿ ಎತ್ತಿದಾಗ ಹಿಂದೆ ನಿಂತಿತ್ತಂತೆ. ಪುಟ್ಟಿಗೆ ನಾನು ಅದನ್ನ ಓದಿ ಹೇಳಲಿಲ್ಲ.

ಆ ರಾತ್ರಿ ಬ್ರಿಜ್‌ಪೋರ್ಟ್‌ನ ಮೋಟೆಲಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಅಮ್ಮ ಹೋದ ಮೇಲೆ ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ ಅಪ್ಪ ಒಬ್ಬರೇ. ಎಪ್ಪತ್ತೆಂಟು ವರ್ಷ. ಬೆಂಗಳೂರಿನಲ್ಲಿ ಅಕ್ಕನ ಫ್ಲಾಟಿನಲ್ಲಿ ಒಂದು ರೂಮು ಖಾಲಿ ಇದೆ. ಎರಡು ವರ್ಷದಿಂದ ನಾನೂ ಅಕ್ಕನೂ ಹಿಂದೆ ಬಿದ್ದಿದ್ದೀವಿ, ಮನೆ ಮಾರಿಬಿಡಿ, ಬಂದುಬಿಡಿ ಅಂತ. ಪ್ರತೀ ಫೋನೂ ಅಲ್ಲಿಗೇ ಹೋಗಿ ನಿಲ್ಲುತ್ತೆ. "ಆ ಊರಲ್ಲಿ ಏನಿದೆ ಅಪ್ಪಾ?" ಅಂತ ನಾನು ಕೇಳೋದು, "ನಾನಿದ್ದೀನಲ್ಲಪ್ಪ" ಅಂತ ಅವರು ಅನ್ನೋದು. ಆ ಉತ್ತರಕ್ಕೆ ಬೇಜಾರಾಗಿ ಎಷ್ಟೋ ಸಲ ಫೋನಿಟ್ಟಿದ್ದೀನಿ.

ಈ ಸಲ ಆ ಮಾತು ತೆಗೆಯಲಿಲ್ಲ. ಬೋಡಿ ನೋಡಿದ್ದು ಹೇಳಿದೆ. ಮನೆಗಳು, ತಟ್ಟೆ, ಧೂಳು, ಎಲ್ಲ ಹೇಳಿದೆ. ಅವರು ಅದ್ಯಾವುದಕ್ಕೂ ಹೂಂ ಅನ್ನಲಿಲ್ಲ. ಗಣಿಯೊಂದರ ಹೆಡ್‌ಗೇರನ್ನ ಊರೊಳಗೆ ತಂದು ನಿಲ್ಲಿಸಿದ್ದಾರೆ ಅಂದಾಗ ಮಾತ್ರ ದನಿ ಬದಲಾಯ್ತು.

"ವೈಂಡರ್ ಇದೆಯಾ?"

"ಒಂದು ಹಳೇದು ಇದೆ ಅಪ್ಪ, ಚಿಕ್ಕದು."

"ಡ್ರಮ್ ಒಂದೋ ಎರಡೋ? ಬ್ರೇಕ್ ಯಾವ ಥರ?"

ನಾನು ನೋಡಿರಲಿಲ್ಲ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆ, ಅಷ್ಟೆ.

"ಒಳಗೆ ನೀರು ತುಂಬಿದೆಯಾ?"

"ಗೊತ್ತಿಲ್ಲ ಅಪ್ಪ. ಒಳಗೆ ಬಿಡಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪಂಪು ನಿಲ್ಲಿಸಿದ್ರೆ ತುಂಬೇ ತುಂಬುತ್ತೆ ಕಣಪ್ಪ. ನಮ್ಮದೂ ತುಂಬಿದೆ," ಅಂದರು. 2001ರಲ್ಲಿ ಗಣಿ ಮುಚ್ಚಿದ ದಿನ ನಾನು ಬೆಂಗಳೂರಿನಲ್ಲಿ ಓದ್ತಿದ್ದೆ. ಅಪ್ಪನಿಗೆ ಆಗ ಐವತ್ತನಾಲ್ಕು. ಶಿಫ್ಟ್ ಮುಗಿಸಿ ಬಂದು ಊಟದ ಕ್ಯಾರಿಯರನ್ನ ತಾವೇ ತೊಳೆದು, ಒರೆಸಿ, ಅಟ್ಟದ ಮೇಲಿಟ್ಟರು ಅಂತ ಅಮ್ಮ ಆಮೇಲೆ ಹೇಳಿದ್ದಳು. ಆ ದಿನದ ಬಗ್ಗೆ ಅಪ್ಪ ಒಂದು ಮಾತೂ ಆಡಿದ್ದು ನನಗೆ ನೆನಪಿಲ್ಲ. ಇಪ್ಪತ್ತು ವರ್ಷದ ಮೇಲಾಯ್ತು, ಗಣಿಯ ನೀರಿನ ಬಗ್ಗೆ ಅವರು ಯೋಚನೆ ಮಾಡ್ತಿರ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ. ನಾವು ಮಲಗಿದ್ದಾಗ ಭೂಮಿಯೊಳಗಿಂದ ಧಡ್ ಅಂತ ಸದ್ದು ಬಂದು ಅಟ್ಟದ ಪಾತ್ರೆಗಳೆಲ್ಲ ನಡುಗೋವು. ಬಂಡೆ ಸಿಡಿಯೋದು. ಅಪ್ಪ ನೈಟ್ ಶಿಫ್ಟ್‌ನಲ್ಲಿದ್ದರೆ ಅಮ್ಮ ಎದ್ದು ಕೂತು ಬೆಳಗಾಗೋವರೆಗೂ ಮಲಗ್ತಿರಲಿಲ್ಲ. ಅಪ್ಪ ಕೆಲಸ ಮಾಡ್ತಿದ್ದದ್ದು ಮೇಲೆ, ಎಂಜಿನ್ ರೂಮಲ್ಲಿ. ಅವರಿಗೆ ಅಪಾಯ ಇರಲಿಲ್ಲ. ಆದರೆ ಆಮೇಲೆ ಯಾರ್ಯಾರನ್ನ ಮೇಲೆ ಎತ್ತಬೇಕಾಗಿತ್ತೋ ಅವರನ್ನೆಲ್ಲ ಎತ್ತಿದ್ದು ಅವರೇ.

"ಆ ವೈಂಡರ್ ಫೋಟೋ ಕಳಿಸು. ಬ್ರೇಕ್ ಕಾಣೋ ಹಾಗೆ," ಅಂದು ಫೋನಿಟ್ಟರು.

ಮಾರನೆ ದಿನ ಬೆಳಿಗ್ಗೆ ಎಲ್ಲರೂ ಮ್ಯಾಮತ್ ಕಡೆ ಹೋಗೋಣ ಅಂತ ಮಾತಾಗಿತ್ತು. ನಾನು ಗೆಳೆಯನಿಗೆ ಹೇಳಿದೆ, ನಿಮ್ಮನ್ನೆಲ್ಲ ಕೋರ್ಟಿನ ಹತ್ತಿರ ಬಿಟ್ಟು ಎರಡು ತಾಸಿನಲ್ಲಿ ಬರ್ತೀನಿ ಅಂತ. (ಬ್ರಿಜ್‌ಪೋರ್ಟ್‌ನ ಕೋರ್ಟು ಕಟ್ಟಡ 1880ರದ್ದು, ಬಿಳಿ ಬಣ್ಣ, ನೋಡೋ ಹಾಗಿದೆ, ಕೆಲಸವೂ ನಡೀತಿದೆ.) ಅವನು ಯಾಕೆ ಅಂತ ಕೇಳದೆ, "ನಾನೂ ಬರ್ತೀನಿ ನಡಿ" ಅಂದ. ಮತ್ತೆ ಮೂರು ಮೈಲಿ ಮಣ್ಣು ರಸ್ತೆ. ಇಬ್ಬರೂ ಬಗ್ಗಿ, ಮಲಗಿ, ಆ ತುಕ್ಕು ಹಿಡಿದ ಹಾಯ್ಸ್ಟಿನ ಸುತ್ತ ಎಲ್ಲಾ ಕಡೆಯಿಂದ ನಲವತ್ತು ಫೋಟೋ ತೆಗೆದ್ವಿ. ಪಕ್ಕದಲ್ಲಿ ನಿಂತಿದ್ದ ಬಿಳಿಯ ಅಜ್ಜ ಒಬ್ಬ ನಮ್ಮನ್ನ ಎಂಜಿನಿಯರುಗಳು ಅಂದುಕೊಂಡ. (ನಾವು ಎಂಜಿನಿಯರುಗಳೇ, ಆದರೆ ಸಾಫ್ಟ್‌ವೇರು!)

ಮೊಳೆಯ ವಿಷಯ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಬಟ್ಟೆ ಮಷೀನಿಗೆ ಹಾಕೋ ಮುಂಚೆ ಪುಟ್ಟಿಯ ಪ್ಯಾಂಟಿನ ಜೇಬು ನೋಡಿದರೆ ತುಕ್ಕು ಹಿಡಿದ ಒಂದು ಚಚ್ಚೌಕ ಮೊಳೆ. ಬೋಡಿಯಿಂದ ಕಲ್ಲು, ಗಾಜು, ಮೊಳೆ ಏನನ್ನೂ ತರೋ ಹಾಗಿಲ್ಲ, ಕಾನೂನಿದೆ. ತಂದವರಿಗೆ ಶಾಪ ತಟ್ಟುತ್ತೆ ಅಂತಲೂ ಪ್ರತೀತಿ. ತಂದು ಕಷ್ಟಕ್ಕೆ ಬಿದ್ದವರು ಕ್ಷಮಾಪಣೆ ಪತ್ರದ ಜೊತೆ ವಾಪಸ್ ಕಳಿಸಿರೋ ಸಾಮಾನು, ಕಾಗದಗಳನ್ನ ಅಲ್ಲಿಯವರು ಇಟ್ಟುಕೊಂಡಿದ್ದಾರೆ. ನಾನು ಇದನ್ನೆಲ್ಲ ಹೇಳಿ ಸ್ವಲ್ಪ ಗದರಿದೆ. ಅವಳು ಅಳಲಿಲ್ಲ. ಗೋಡೆಯ ಕಡೆ ಕೈ ತೋರಿಸಿ, "ಅದನ್ನ ನೀನು ಕೇಳಿ ತಂದ್ಯಾ?" ಅಂದಳು.

ನನ್ನ ಮೇಜಿನ ಮೇಲಿನ ಗೋಡೆಯಲ್ಲಿ ಒಂದು ಎನಾಮಲ್ ತಗಡು ಇದೆ, ನೀಲಿ ಮೇಲೆ ಬಿಳಿ ಅಂಕಿ. ನಮ್ಮ ಕ್ವಾರ್ಟರ್ಸಿನ ನಂಬರು. ಕೊನೆಯ ಸಲ ಹೋದಾಗ ಬಾಗಿಲಿಲ್ಲದ ಆ ಬಾಗಿಲುವಾಡದ ಮೇಲೆ ಅದೊಂದೇ ಉಳಿದಿತ್ತು. ಸ್ಕ್ರೂಡ್ರೈವರ್ ಇರಲಿಲ್ಲ, ಬೈಕಿನ ಕೀಲಿಯಿಂದ ಎಬ್ಬಿ ತೆಗೆದಿದ್ದೆ. ಯಾರನ್ನೂ ಕೇಳಲಿಲ್ಲ.

ಪುಟ್ಟಿ ಕಾಗದ ಬರೆದಿದ್ದಾಳೆ. ಎರಡೇ ಸಾಲು, ಸಾರಿ ಅಂತ, ಮೊಳೆ ಚಂದ ಇತ್ತು ಅಂತ. ಲಕೋಟೆ ಬಾಗಿಲ ಹತ್ತಿರ ಇಟ್ಟಿದ್ದೀನಿ, ಸೋಮವಾರ ಪೋಸ್ಟ್ ಮಾಡಬೇಕು. ಫೋಟೋಗಳನ್ನ ಅಕ್ಕನ ಮಗ ಪ್ರಿಂಟ್ ಹಾಕಿಸಿ ರೈಲಲ್ಲಿ ತಗೊಂಡು ಹೋಗಿ ತಾತನಿಗೆ ಕೊಟ್ಟು ಬಂದ. ಅಪ್ಪ ಅದನ್ನ ಹಳೇ ಶಿಫ್ಟಿನವರಿಗೆಲ್ಲ ತೋರಿಸಿ, ಆ ಬ್ರೇಕು ನಂಬೋ ಹಾಗಿಲ್ಲ ಅಂತ ತೀರ್ಮಾನ ಮಾಡಿದ್ದಾರೆ. ಡಿಸೆಂಬರಿಗೆ ನಾವು ಊರಿಗೆ ಹೋಗ್ತಿದ್ದೀವಿ. ಈ ಸಲ ಬೆಂಗಳೂರಲ್ಲಿ ಎರಡು ದಿನ, ಮಿಕ್ಕಿದ್ದೆಲ್ಲ ರಾಬರ್ಟ್‌ಸನ್‌ಪೇಟೆ. ಟಿಕೆಟ್ ಆಗಿದೆ.

ನಲವತ್ತು ಫೋಟೋದಲ್ಲಿ ಒಂದೆರಡನ್ನ ಇಲ್ಲೂ ಹಾಕೋಣ ಅಂತ ನೋಡಿದೆ, ಎಲ್ಲದರಲ್ಲೂ ಬರೀ ಬ್ರೇಕೇ ಇದೆ. :)